ಎರಡು ತಳಿ ಬೆರೆತ ಮಾತ್ರಕ್ಕೆ ಮರಿ ಗಟ್ಟಿಯಾಗುವುದಿಲ್ಲ

ಲ್ಯಾಬ್ರಡಾರ್‌ಗೂ ಪೂಡಲ್‌ಗೂ ನೋಡಲು ಏನೇನೂ ಹೋಲಿಕೆಯಿಲ್ಲ. ಒಂದರದು ಒತ್ತಾದ ಗಿಡ್ಡ ಕೂದಲು, ಇನ್ನೊಂದರದು ಉಣ್ಣೆಯಂತೆ ಸುರುಳಿ ಸುರುಳಿ. ಆದರೆ ಎರಡೂ ತಳಿಗಳಲ್ಲಿ ಒಂದೇ ಕೆಡುಕು ಅಡಗಿ ಕೂತಿದೆ. ಪಿಆರ್‌ಸಿಡಿ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. 2006ರಲ್ಲಿ ಪತ್ತೆಯಾದ ಈ ದೋಷ ಹತ್ತಾರು ತಳಿಗಳಲ್ಲಿ ಇದ್ದಹಾಗೇ ಸಿಗುತ್ತದೆ. ಈಗಿನ ತಳಿಗಳು ಬೇರೆ ಬೇರೆಯಾಗುವುದಕ್ಕೆ ಮುಂಚೆಯೇ ಅದು ಯಾವುದೋ ಪೂರ್ವಜ ನಾಯಿಯಲ್ಲಿ ಹುಟ್ಟಿ, ಕವಲು ಕವಲಾಗಿ ಹರಿದು ಬಂದಿರಬೇಕು.

ಈ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಅಕ್ಷಿಪಟಲ ನಿಧಾನವಾಗಿ ಸಾಯುತ್ತದೆ. ಮಂದ ಬೆಳಕಿನಲ್ಲಿ ನೋಡುವ ಕೋಶಗಳು ಮೊದಲು ಹೋಗುತ್ತವೆ. ಹಗಲಲ್ಲಿ ಚೆಂಡು ಹಿಡಿಯುವ ನಾಯಿ ಸಂಜೆಯಾದ ಮೇಲೆ ಮೆಟ್ಟಿಲ ಮುಂದೆ ನಿಂತುಬಿಡುತ್ತದೆ, ಮುಂಗಾಲನ್ನು ಚಾಚಿ ತಡಕುತ್ತದೆ. ಆಮೇಲೆ ಹಗಲಿನ ದೃಷ್ಟಿಯೂ ಹೋಗುತ್ತದೆ. ಇದಕ್ಕೆ ಔಷಧವಿಲ್ಲ. ಮರಿ ಹುಟ್ಟಿ ವರ್ಷಗಳೇ ಕಳೆದ ಮೇಲೆ ಇದು ಗೊತ್ತಾಗುವುದರಿಂದ, ಅಷ್ಟರಲ್ಲಿ ಆ ನಾಯಿಯೇ ಒಂದೆರಡು ಸೂಲು ಮರಿ ಹಾಕಿರಬಹುದು.

ಒಂದೇ ಪ್ರತಿ ಕೆಟ್ಟಿರುವ ನಾಯಿಗೆ ಕಣ್ಣಿನ ತೊಂದರೆ ಬರುವುದಿಲ್ಲ. ಅದು ವಾಹಕ ಅಷ್ಟೆ. ವಾಹಕ ಲ್ಯಾಬ್ರಡಾರ್ ಮತ್ತು ವಾಹಕ ಪೂಡಲ್ ಕೂಡಿದರೆ ಪ್ರತಿ ಮರಿಗೂ ಕುರುಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೆನ್ನೆಯ ಒಳಗೋಡೆಗೆ ಹತ್ತಿಕಡ್ಡಿ ಉಜ್ಜಿ ಕಳಿಸಿದರೆ ಪ್ರಯೋಗಾಲಯ ಇದನ್ನು ಮೊದಲೇ ಹೇಳುತ್ತದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಲ್ಲಿ ಈ ದೋಷದ ಪ್ರತಿ ಇಲ್ಲದಿದ್ದರೂ ಸಾಕು, ಆ ಸೂಲಿನ ಒಂದು ಮರಿಯೂ ಈ ಕಾಯಿಲೆಯಿಂದ ಕುರುಡಾಗುವುದಿಲ್ಲ. ಇಷ್ಟು ಸುಲಭವಾಗಿ ತಪ್ಪಿಸಬಹುದಾದ ನೋವನ್ನು, ‘ಮಿಶ್ರತಳಿಗೆ ಪರೀಕ್ಷೆ ಬೇಕಿಲ್ಲ, ಅವು ಹೇಗೂ ಗಟ್ಟಿಮುಟ್ಟು’ ಎಂಬ ಒಂದೇ ಮಾತಿನ ಮೇಲೆ ಮರಿಗಳ ತಲೆಗೆ ಕಟ್ಟುವುದು ಸಣ್ಣ ತಪ್ಪಲ್ಲ.

ಆ ಮಾತಿನಲ್ಲಿ ನಿಜದ ಒಂದು ಅಂಶ ಇಲ್ಲದಿಲ್ಲ. ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸುವುದರಿಂದ ಬರುವ ಒಳಸಂತಾನದ ಮಟ್ಟ ಶುದ್ಧತಳಿ ನಾಯಿಗಳಲ್ಲಿ ಗಾಬರಿ ಹುಟ್ಟಿಸುವಂಥದ್ದು. 227 ತಳಿಗಳ ಡಿಎನ್‌ಎ ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ ಸುಮಾರು ಶೇ 25 ಬಂತು. ಸಂಬಂಧವೇ ಇಲ್ಲದ ತಂದೆತಾಯಿಗೆ ಹುಟ್ಟಿದ ಅಣ್ಣತಂಗಿ ಕೂಡಿದರೆ ಮರಿಗಳಲ್ಲಿ ಎಷ್ಟು ಬರಬೇಕೋ ಅಷ್ಟು. ಹಾಗಾಗಿ ತಳಿಯಾಚೆಗೆ ಹೋಗಿ ರಕ್ತ ಬೆರೆಸಬೇಕು ಎನ್ನುವುದಕ್ಕೆ ಗಟ್ಟಿ ಕಾರಣವೇ ಇದೆ. ಆದರೆ ಬೆರಕೆಯಿಂದ ಸಿಗುವ ಹುರುಪು ಮೊದಲ ಪೀಳಿಗೆಯ ಸೊತ್ತು. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಮರುವರ್ಷ ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ, ಇಳುವರಿಯೂ ಕುಸಿಯುತ್ತದೆ ಎಂಬುದು ಬೇಸಾಯಗಾರರಿಗೆಲ್ಲ ಗೊತ್ತು. ನಾಯಿಯಲ್ಲೂ ಲೆಕ್ಕ ಅದೇ. ಎಫ್1 ಎನ್ನುವ ಮೊದಲ ಬೆರಕೆಯ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿ ಎಫ್2 ಮಾಡಿದರೆ ಆ ಲಾಭ ಅರ್ಧಕ್ಕೆ ಇಳಿಯುತ್ತದೆ. ಎಫ್1ರಲ್ಲಿ ವಾಹಕವಾಗಿ ಮರೆಯಲ್ಲಿದ್ದ ದೋಷಗಳು ಎಫ್2ರಲ್ಲಿ ಜೋಡಿಯಾಗಿ ಹೊರಗೆ ಬರುತ್ತವೆ.

ಅಂಕಿಗಳೂ ಇದನ್ನೇ ಹೇಳುತ್ತವೆ. ಬ್ರಿಟನ್ನಿನ ರಾಯಲ್ ವೆಟರಿನರಿ ಕಾಲೇಜಿನವರು 2024ರಲ್ಲಿ ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂಗಳನ್ನು (ಪೂಡಲ್ ಜೊತೆ ಕ್ರಮವಾಗಿ ಕಾಕರ್ ಸ್ಪ್ಯಾನಿಯಲ್, ಲ್ಯಾಬ್ರಡಾರ್, ಕ್ಯಾವಲಿಯರ್ ತಳಿ ಬೆರೆತವು) ಅವುಗಳ ಮೂಲ ತಳಿಗಳ ಜೊತೆ ಇಟ್ಟು ನೋಡಿದರು. 9,402 ನಾಯಿಗಳು, 57 ಕಾಯಿಲೆಗಳು. ಶೇ 86.6ರಷ್ಟು ಹೋಲಿಕೆಗಳಲ್ಲಿ ಬೆರಕೆಗೂ ಮೂಲ ತಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯ 2013ರ ಅಧ್ಯಯನದಲ್ಲಿ 24 ಆನುವಂಶಿಕ ಕಾಯಿಲೆಗಳ ಪೈಕಿ ಹತ್ತು ಶುದ್ಧತಳಿಗಳಲ್ಲಿ ಹೆಚ್ಚಿದ್ದವು, ಹದಿಮೂರರಲ್ಲಿ ಎರಡೂ ಸಮ, ಮೊಣಕಾಲಿನ ಅಸ್ಥಿರಜ್ಜು ಹರಿಯುವ ಒಂದು ತೊಂದರೆ ಮಾತ್ರ ಮಿಶ್ರತಳಿಯಲ್ಲೇ ಹೆಚ್ಚು. ಬೆರಕೆಯ ನಾಯಿ ರೋಗದ ಗೂಡು ಎನ್ನುವವರೂ ತಪ್ಪು, ಅದಕ್ಕೆ ರೋಗವೇ ಇಲ್ಲ ಎಂದು ಮಾರುವವರೂ ತಪ್ಪು.

ಇನ್ನು ಕೆಲವು ದೋಷಗಳನ್ನು ಬೆರಕೆ ಮುಟ್ಟುವುದೇ ಇಲ್ಲ, ಏಕೆಂದರೆ ಅವು ಪ್ರಬಲ, ಒಂದೇ ಪ್ರತಿಯಿದ್ದರೂ ಪರಿಣಾಮ ತೋರಿಸುತ್ತವೆ. ಡ್ಯಾಶ್‌ಹಂಡ್, ಬೀಗಲ್, ಕಾಕರ್ ಸ್ಪ್ಯಾನಿಯಲ್, ಸಣ್ಣ ಪೂಡಲ್‌ಗಳಲ್ಲಿ ಎಫ್‌ಜಿಎಫ್4 ಜೀನಿನ ಹೆಚ್ಚುವರಿ ನಕಲೊಂದು 12ನೇ ವರ್ಣತಂತುವಿನಲ್ಲಿ ಕೂತಿರುತ್ತದೆ. 2017ರಲ್ಲಿ ಇದನ್ನು ಗುರುತಿಸಿದರು. ಇದರಿಂದ ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಡಿಸ್ಕ್ ಚಿಕ್ಕ ವಯಸ್ಸಿನಲ್ಲೇ ಗಡುಸಾಗಿ, ಒಂದು ದಿನ ಒಡೆದು ಬೆನ್ನುಹುರಿಯನ್ನು ಒತ್ತಬಹುದು. ಆಗ ಹಿಂಗಾಲು ಬಿದ್ದುಹೋಗಬಹುದು. ಈ ಅಪಾಯ ಏರಲು ಒಂದೇ ಪ್ರತಿ ಸಾಕು. ಎರಡು ಪ್ರತಿಯಿರುವ ಡ್ಯಾಶ್‌ಹಂಡನ್ನು ಯಾವ ತಳಿಯ ಜೊತೆ ಕೂಡಿಸಿದರೂ ಪ್ರತಿ ಮರಿಗೂ ಒಂದು ಪ್ರತಿ ಹೋಗಿಯೇ ಹೋಗುತ್ತದೆ.

ಇಷ್ಟೆಲ್ಲ ಬೆರಕೆಗೆ ದಾರಿ ತೆರೆದದ್ದು ಮಾತ್ರ ಒಂದು ಒಳ್ಳೆಯ ಉದ್ದೇಶ. ಹವಾಯಿಯಲ್ಲಿದ್ದ ದೃಷ್ಟಿದೋಷದ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿಯ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ 33 ಪೂಡಲ್‌ಗಳನ್ನು ಪರೀಕ್ಷಿಸಿ, ಒಂದೂ ಆ ಕೆಲಸಕ್ಕೆ ಒಗ್ಗದೆ, ಕೊನೆಗೆ ಲ್ಯಾಬ್ರಡಾರ್ ಜೊತೆ ಪೂಡಲ್ ಕೂಡಿಸಿದರು. 1989ರಲ್ಲಿ ಮೂರು ಮರಿ ಹುಟ್ಟಿದವು. ಅವುಗಳ ಕೂದಲು, ಜೊಲ್ಲು ಹವಾಯಿಗೆ ಹೋಯಿತು. ಮೂರರಲ್ಲಿ ಸುಲ್ತಾನ್ ಎಂಬ ಒಂದೇ ಒಂದು ಮರಿ ಆ ಗಂಡನಿಗೆ ಒಗ್ಗಿತು. ಮುಂದೆ ಮಾರಾಟಗಾರರು ಹಿಡಿದುಕೊಂಡದ್ದು ಸುಲ್ತಾನ್‌ನನ್ನು, ಮರೆತದ್ದು ಒಗ್ಗದೇ ಹೋದ ಎರಡನ್ನು. ತಾನು ಶುರುಮಾಡಿದ್ದಕ್ಕೆ ಪಶ್ಚಾತ್ತಾಪವಿದೆ ಎಂದು ಕಾನ್ರನ್ 2019ರಲ್ಲಿ ಬಹಿರಂಗವಾಗಿಯೇ ಹೇಳಿದರು.

ಅಲರ್ಜಿ ತರುವುದು ಕೂದಲಲ್ಲ. ಜೊಲ್ಲು ಮತ್ತು ಚರ್ಮದಿಂದ ಬರುವ ಕ್ಯಾನ್ ಎಫ್ 1 ಎಂಬ ಪ್ರೋಟೀನು ಅದರಲ್ಲಿ ಮುಖ್ಯ. ಕೂದಲು ಉದುರದ ನಾಯಿಗೂ ಜೊಲ್ಲಿದೆ, ಚರ್ಮವಿದೆ. ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಅಳೆದು ನೋಡಿದಾಗ ‘ಅಲರ್ಜಿರಹಿತ’ ಎನಿಸಿಕೊಂಡ ಪೂಡಲ್, ಲ್ಯಾಬ್ರಡೂಡಲ್ ಮುಂತಾದವುಗಳ ಕೂದಲಿನಲ್ಲಿ ಈ ಪ್ರೋಟೀನು ಬೇರೆ ನಾಯಿಗಳಿಗಿಂತ ಹೆಚ್ಚೇ ಇತ್ತು. ಮನೆಯ ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲರ್ಜಿ ಇರುವವರಿಗೆ ಇದಕ್ಕಿಂತ ಉಪಯೋಗದ ಸಂಗತಿ ಬೇರೆಯೊಂದಿದೆ: ಕ್ಯಾನ್ ಎಫ್ 5 ಎಂಬ ಪ್ರೋಟೀನು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುತ್ತದೆ. ರಕ್ತಪರೀಕ್ಷೆಯಲ್ಲಿ ಇದೊಂದಕ್ಕೆ ಮಾತ್ರ ಅಲರ್ಜಿ ಎಂದು ಬಂದವರಿಗೆ ಹೆಣ್ಣುನಾಯಿ ಒಗ್ಗಬಹುದು. ತಳಿಯ ಹೆಸರು ನೋಡುವ ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ಕೂದಲಿನ ವಿಷಯದಲ್ಲೂ ಯಾರೂ ಖಾತ್ರಿ ಕೊಡುವಂತಿಲ್ಲ. ನಾಯಿಗಳ ಕೂದಲಿನ ಬಗೆಯನ್ನು ಬಹುಪಾಲು ನಿರ್ಧರಿಸುವುದು ಮೂರು ಜೀನುಗಳು ಎಂದು 2009ರಲ್ಲಿ ತಿಳಿಯಿತು. ಗಡ್ಡ, ಮೀಸೆ, ಪೊದೆ ಹುಬ್ಬು ಕೊಡುವ ಆರ್‌ಎಸ್‌ಪಿಒ2 ಅದರಲ್ಲೊಂದು. ಪೂಡಲ್‌ನಲ್ಲಿ ಇದರ ಎರಡು ಪ್ರತಿ, ಲ್ಯಾಬ್ರಡಾರ್‌ನಲ್ಲಿ ಒಂದೂ ಇಲ್ಲ. ಎಫ್1 ಮರಿಗಳಿಗೆಲ್ಲ ಒಂದೊಂದು ಸಿಗುವುದರಿಂದ ಎಲ್ಲಕ್ಕೂ ಗಡ್ಡ ಮೂಡುತ್ತದೆ. ಎಫ್1 ಜೊತೆ ಎಫ್1 ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಗಡ್ಡಮೀಸೆಯಿಲ್ಲದ, ಕೂದಲು ಧಾರಾಳವಾಗಿ ಉದುರಿಸುವ ನಾಯಿಯಾಗಿ ಬೆಳೆಯುತ್ತದೆ. ಇದನ್ನು ತಪ್ಪಿಸಲು ಎಫ್1ನ್ನು ಮತ್ತೆ ಪೂಡಲ್‌ಗೆ ಕೂಡಿಸಿ ಎಫ್1ಬಿ ಮಾಡುತ್ತಾರೆ. ಆಗ ಮರಿಯ ಮುಕ್ಕಾಲು ಪಾಲು ಪೂಡಲ್. ಕೂದಲು ಬೇಕಾದಂತೆ ಬರುತ್ತದೆ, ಬೆರಕೆಯ ಹುರುಪು ಕಡಿಮೆಯಾಗುತ್ತದೆ, ದೊಡ್ಡ ಪೂಡಲ್‌ಗಳನ್ನು ಕಾಡುವ ಆಡಿಸನ್ ಕಾಯಿಲೆ (ಅಡ್ರಿನಲ್ ಗ್ರಂಥಿಯ ಹಾರ್ಮೋನು ಕೊರತೆ) ಮತ್ತು ಚರ್ಮದ ಎಣ್ಣೆಗ್ರಂಥಿಗಳ ಉರಿಯೂತಕ್ಕೆ ಬಾಗಿಲು ತೆರೆಯುತ್ತದೆ.

ಬೆಳೆಯುತ್ತಲೇ ಇರುವ ಪೂಡಲ್ ಕೂದಲೂ, ಕಾಲಕಾಲಕ್ಕೆ ಉದುರುವ ಲ್ಯಾಬ್ರಡಾರಿನ ಒಳತುಪ್ಪಳವೂ ಒಂದೇ ಮೈಮೇಲೆ ಸೇರಿದರೆ ಉದುರಿದ್ದು ಕೆಳಗೆ ಬೀಳುವುದಿಲ್ಲ, ಸುರುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಮರಿಕೂದಲು ಹೋಗಿ ದೊಡ್ಡ ಕೂದಲು ಬರುವಾಗ ಇದು ವಿಪರೀತ. ಮೇಲಿನಿಂದ ನಾಯಿ ಹೂವಿನಂತೆ ಮೆತ್ತಗೆ ಕಾಣುತ್ತಿರುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಕತ್ತಿನ ಪಟ್ಟಿಯ ಅಡಿಯಲ್ಲಿ ಬಾಚಣಿಗೆ ಹಾಕಿದರೆ ಚರ್ಮದಿಂದ ಅರ್ಧ ಬೆರಳು ಮೇಲೆಯೇ ನಿಂತುಬಿಡುತ್ತದೆ. ಒಳಗೆ ಕೂದಲು ಕಂಬಳಿಯಂತೆ ಜಡೆಗಟ್ಟಿದೆ, ಹೆಜ್ಜೆ ಹೆಜ್ಜೆಗೂ ಚರ್ಮವನ್ನು ಜಗ್ಗುತ್ತಿದೆ. ಅಡಿಯಲ್ಲಿ ಒದ್ದೆ ಆರದೆ ಚರ್ಮ ಕೆಂಪಾಗಿ ನಾರುತ್ತದೆ. ಸ್ನಾನ ಮಾಡಿಸಿದರೆ ಗಂಟು ಇನ್ನೂ ಬಿಗಿಯುತ್ತದೆ. ಕತ್ತರಿ ಹಾಕಿದರೆ ಗಂಟಿನೊಳಗೆ ಎಳೆದುಕೊಂಡ ಚರ್ಮವೂ ಕತ್ತರಿಸಿ ಹೋಗುತ್ತದೆ. ಉಳಿಯುವ ದಾರಿ ಒಂದೇ: ಕ್ಲಿಪ್ಪರಿಗೆ 10ನೇ ನಂಬರಿನ ಬ್ಲೇಡು ಹಾಕಿ ಜಡೆಯ ಅಡಿಯಿಂದ ಬೋಳಿಸುವುದು, ಬ್ಲೇಡು ಬಿಸಿಯಾಯಿತೇ ಎಂದು ಆಗಾಗ ಕೈಗೆ ಮುಟ್ಟಿಸಿ ನೋಡುವುದು. ಕಿವಿಯ ಜಡೆ ತೆಗೆದ ಕೂಡಲೇ ಹಗುರಾದ ಕಿವಿಯನ್ನು ನಾಯಿ ಪಟಪಟನೆ ಒದರುತ್ತದೆ, ಕೆಲವೊಮ್ಮೆ ಒಳಗೆ ರಕ್ತ ತುಂಬಿ ಕಿವಿ ಊದಿಕೊಳ್ಳುತ್ತದೆ.

ಹೀಗಾಗದಂತೆ ಬಾಚುವ ಕ್ರಮವಿದೆ. ಪಾದದಿಂದ ಶುರುಮಾಡಿ, ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು, ಚರ್ಮ ಕಾಣುವಂತೆ ಬೈತಲೆ ತೆಗೆದು, ಪದರ ಪದರವಾಗಿ ಸಣ್ಣ ತಂತಿಹಲ್ಲಿನ ಬ್ರಷ್ಷಿನಿಂದ ಬಿಡಿಸುತ್ತ ಮೇಲೆ ಹೋಗಬೇಕು. ಆಮೇಲೆ ಲೋಹದ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಓಡಬೇಕು. ಸ್ನಾನ ಅದಾದ ನಂತರ. ಇದನ್ನು ಹೆಚ್ಚುಕಡಿಮೆ ದಿನವೂ ಮಾಡಬೇಕು, ಆರೆಂಟು ವಾರಕ್ಕೊಮ್ಮೆ ಕೂದಲು ಕತ್ತರಿಸಬೇಕು. ‘ಕೂದಲು ಉದುರುವುದಿಲ್ಲ, ಕೆಲಸ ಕಡಿಮೆ’ ಎಂಬ ಮಾತು ನಂಬಿ ತಂದವರಿಗೆ ಇದನ್ನು ಮುಂಚೆ ಯಾರೂ ಹೇಳಿರುವುದಿಲ್ಲ.

ಬಣ್ಣದ ಮೋಹ ಇದಕ್ಕಿಂತ ಕ್ರೂರ. ನೀಲಿಬೂದು ಮೈಮೇಲೆ ಕಪ್ಪು ಚೂರುಗಳು ಚೆಲ್ಲಿದಂಥ ಮರ್ಲ್ ಬಣ್ಣಕ್ಕೆ ಬೇಡಿಕೆ ಬಂದ ಮೇಲೆ, ಆಸ್ಟ್ರೇಲಿಯನ್ ಶೆಫರ್ಡ್ ಮೂಲಕ ಆ ಜೀನನ್ನು ಬೆರಕೆಗಳಿಗೆ ತರಲಾಗಿದೆ. ಒಂದು ಪ್ರತಿ ಬಣ್ಣ ಕೊಡುತ್ತದೆ. ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಕಾಲುಭಾಗ ಮರಿಗಳಿಗೆ ಎರಡು ಪ್ರತಿ ಬಂದು, ಮೈ ಬಹುಪಾಲು ಬೆಳ್ಳಗಾಗಿ, ಕಣ್ಣು ಸರಿಯಾಗಿ ಬೆಳೆಯದೆ ಹುಟ್ಟಬಹುದು. 153 ಮರ್ಲ್ ನಾಯಿಗಳ ಶ್ರವಣಶಕ್ತಿ ಅಳೆದ 2009ರ ಅಧ್ಯಯನದಲ್ಲಿ, ಎರಡು ಪ್ರತಿಯಿದ್ದವುಗಳ ಪೈಕಿ ಶೇ 10 ಒಂದು ಕಿವಿಯಲ್ಲಿ, ಶೇ 15 ಎರಡೂ ಕಿವಿಯಲ್ಲಿ ಕಿವುಡಾಗಿದ್ದವು. ಕೆಲವು ನಾಯಿಗಳಲ್ಲಿ ಮರ್ಲ್ ಇದ್ದರೂ ಮೈಮೇಲೆ ಗುರುತು ಕಾಣದು. ಹಾಗಾಗಿ ಬಣ್ಣ ನೋಡಿ ಜೋಡಿ ಮಾಡಿದರೆ ಸಾಲದು, ಪರೀಕ್ಷೆಯೇ ಆಗಬೇಕು.

ಮೂತಿಯ ವಿಷಯದಲ್ಲಿ ಬೆರಕೆಯಿಂದ ನಿಜವಾದ ಲಾಭವೂ ಇದೆ. ಪಗ್ ಜೊತೆ ಬೀಗಲ್ ಕೂಡಿಸಿದ ಮರಿಯ ಮೂತಿ ಸಾಮಾನ್ಯವಾಗಿ ಪಗ್‌ಗಿಂತ ಉದ್ದ, ಉಸಿರಾಟ ಅಷ್ಟರಮಟ್ಟಿಗೆ ಸಲೀಸು. ಗಾತ್ರ ತೀರಾ ಬೇರೆಯಿರುವ ತಳಿಗಳಲ್ಲಿ ಮಾತ್ರ ಎಚ್ಚರ ಬೇಕು. ಎರಡು ಮೂರು ಕಿಲೋದ ಪೊಮೆರೇನಿಯನ್ ತಾಯಿಗೆ ಹಸ್ಕಿಯ ಮರಿಗಳನ್ನು ಹೊರಿಸಿದರೆ ಹೆರಿಗೆಯೇ ಪ್ರಾಣಕ್ಕೆ ಬರಬಹುದು. ಬಲವಾಗಿ ತಿಣುಕುತ್ತಿದ್ದರೂ ಅರ್ಧ ಗಂಟೆಯಲ್ಲಿ ಮರಿ ಬರದಿದ್ದರೆ ಕಾಯುವ ಸಮಯವಲ್ಲ, ಪಶುವೈದ್ಯರ ಬಳಿ ಓಡುವ ಸಮಯ.

ಬೆರಕೆಯನ್ನು ಹೇಗೆ ಮಾಡಬೇಕು ಎಂಬುದಕ್ಕೆ ಡಾಲ್ಮೇಷಿಯನ್ ತಳಿಯ ಕಥೆಯಿದೆ. ಎಸ್‌ಎಲ್‌ಸಿ2ಎ9 ಜೀನಿನ ಎರಡೂ ಪ್ರತಿ ಕೆಟ್ಟು, ಇಡೀ ತಳಿಯ ಮೂತ್ರದಲ್ಲಿ ಯೂರಿಕ್ ಆಮ್ಲ ವಿಪರೀತವಾಗಿತ್ತು. ಗಂಡುನಾಯಿಗಳಲ್ಲಿ ಕಲ್ಲು ಕಟ್ಟಿ ಮೂತ್ರವೇ ನಿಂತುಹೋಗುತ್ತಿತ್ತು. ಒಳ್ಳೆಯ ಪ್ರತಿ ತಳಿಯೊಳಗೆ ಎಲ್ಲೂ ಉಳಿದಿರಲಿಲ್ಲ. 1973ರಲ್ಲಿ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಒಂದೇ ಒಂದು ಪಾಯಿಂಟರ್ ನಾಯಿಯನ್ನು ತಂದು ಕೂಡಿಸಿದರು. ಆಮೇಲೆ ಪ್ರತಿ ಪೀಳಿಗೆಯಲ್ಲೂ ಮೂತ್ರ ಸರಿಯಿರುವ ಮರಿಗಳನ್ನೇ ಆರಿಸಿ ಡಾಲ್ಮೇಷಿಯನ್‌ಗೆ ಮರುಕೂಡಿಸುತ್ತ ಹೋದರು. ಅಮೆರಿಕನ್ ಕೆನಲ್ ಕ್ಲಬ್ ಆ ಸಂತತಿಯನ್ನು ದಾಖಲಿಸಿಕೊಂಡದ್ದು 2011ರಲ್ಲಿ. ಏನು ಬೇಕು, ಯಾವ ಜೀನು ಬೇಕು, ಅದು ಬಂತೋ ಇಲ್ಲವೋ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಸೂಲಿನಲ್ಲೂ ಕೇಳಿಕೊಂಡು ಮಾಡಿದ ಕೆಲಸ ಅದು.

ಮರಿ ಕೊಳ್ಳುವವರೂ ಅಷ್ಟೇ ನೇರವಾಗಿ ಕೇಳಬೇಕು. ಲ್ಯಾಬ್ರಡೂಡಲ್ ಆದರೆ ತಂದೆ ತಾಯಿ ಇಬ್ಬರ ಸೊಂಟದ ಕೀಲಿನ ಎಕ್ಸ್-ರೇ ಅಂಕ, ಮೊಣಕೈ ಕೀಲಿನ ದರ್ಜೆ, ಆ ವರ್ಷದ ಕಣ್ಣಿನ ತಪಾಸಣೆ, ಪಿಆರ್‌ಸಿಡಿ ಫಲಿತಾಂಶ. ಕ್ಯಾವಪೂ ಆದರೆ ಹೃದಯದ ತಪಾಸಣೆ ಬಿಡುವಂತಿಲ್ಲ, ಏಕೆಂದರೆ ಕ್ಯಾವಲಿಯರ್‌ಗಳ ಹೃದಯಕವಾಟ ಬೇಗ ಸವೆಯುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಸೊಂಟದ ಅಂಕ 0ಯಿಂದ 106ರವರೆಗೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಸೊಂಟದ ದೋಷ ಅನೇಕ ಜೀನುಗಳ ಕೂಡುಫಲವಾದ್ದರಿಂದ ಹತ್ತಿಕಡ್ಡಿಯ ಪರೀಕ್ಷೆ ಅದನ್ನು ಹೇಳಲಾರದು, ಎಕ್ಸ್-ರೇಯೇ ಬೇಕು. ‘ಡಿಎನ್‌ಎ ಆಗಿದೆ’ ಎಂದರೆ ಯಾವ ಕಾಯಿಲೆಗೆ ಎಂದು ಕೇಳಿ. ಅದು ಬರೀ ತಳಿ ಗುರುತಿಸುವ ಪರೀಕ್ಷೆಯಾಗಿರಬಹುದು. ‘ಡಾಕ್ಟರು ನೋಡಿದ್ದಾರೆ’ ಎಂಬುದು ಮರಿಯ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದಾರೆ ಎಂಬಷ್ಟೇ ಅರ್ಥದ ಮಾತಾಗಿರಬಹುದು. ತಾಯಿಯನ್ನು ಮರಿಗಳ ಜೊತೆಯಲ್ಲೇ ನೋಡಬೇಕು, ಎಂಟು ವಾರ ತುಂಬುವ ಮೊದಲು ಮರಿ ಬಿಡಿಸಿ ತರಬಾರದು. ಮತ್ತು ಪ್ರತಿ ವರದಿಯ ಮೇಲೂ ನಾಯಿಯ ಮೈಕ್ರೋಚಿಪ್ ಸಂಖ್ಯೆ ಇರಬೇಕು. ತಾಯಿಯ ಭುಜಗಳ ನಡುವೆ ಸ್ಕ್ಯಾನರ್ ಆಡಿಸಿ, ಬಂದ ಸಂಖ್ಯೆಯನ್ನು ವರದಿಯ ಸಂಖ್ಯೆಯ ಜೊತೆ ಹೋಲಿಸಿ ನೋಡಿ. ಎರಡೂ ಹೊಂದದಿದ್ದರೆ ಆ ಕಾಗದ ಬೇರೆ ಯಾವುದೋ ನಾಯಿಯದು.