ಕೆಲಸ ಹೋಗಿದೆ, ಕೈಯಲ್ಲಿ 4.8 ಲಕ್ಷ ಇದೆ: ಎಷ್ಟು ತಿಂಗಳು ಬರುತ್ತೆ?

ಓದುಗರ ಪ್ರಶ್ನೆ: ಬನಶಂಕರಿ 3ನೇ ಹಂತದಲ್ಲಿ ಬಾಡಿಗೆ ಮನೆ. ಕೆಲಸ ಹೋಗಿ ಹನ್ನೆರಡು ದಿನ ಆಯ್ತು. ಹೆಂಡತಿ ಕೆಲಸಕ್ಕೆ ಹೋಗುತ್ತಿಲ್ಲ, ಮಗಳು ಎರಡನೇ ಕ್ಲಾಸು. ತಿಂಗಳಿಗೆ 60 ಸಾವಿರ ಖರ್ಚು ಬರುತ್ತೆ, ಎಫ್‌ಡಿ ಎಲ್ಲ ಸೇರಿ 4.8 ಲಕ್ಷ ಇದೆ. ಎಂಟು ತಿಂಗಳು ಆರಾಮಾಗಿ ನಡೆಯುತ್ತೆ ಅಲ್ವಾ? ಪಿಎಫ್ ಕೂಡ ಈಗಲೇ ತೆಗೆದುಬಿಡಲಾ?

ಉತ್ತರ: ಭಾಗಾಕಾರ ಸರಿಯಾಗಿದೆ, ಉತ್ತರ ತಪ್ಪಾಗಿದೆ. ನನ್ನ ಲೆಕ್ಕದಲ್ಲಿ ನಿಮಗಿರುವುದು ಆರು ತಿಂಗಳು. ಅದರಲ್ಲೂ ನಾಲ್ಕನೇ ತಿಂಗಳು ಮುಗಿಯುವಷ್ಟರಲ್ಲಿ ಮನೆ ಖಾಲಿ ಮಾಡುವುದಾ ಬೇಡವಾ ಅಂತ ನೀವು ತೀರ್ಮಾನ ಮಾಡಿರಬೇಕು. ಹೆದರಿಸೋಕೆ ಹೇಳುತ್ತಿಲ್ಲ. 2020ರಲ್ಲಿ ನನ್ನ ಕೆಲಸ ಹೋದಾಗ ನಾನೂ ಇದೇ ಭಾಗಾಕಾರ ಮಾಡಿ ಆರಾಮಾಗಿ ಕೂತಿದ್ದೆ, ಆಮೇಲೆ ಪಟ್ಟ ಪಾಡು ಬೇರೆಯೇ ಕಥೆ.

ಮೊದಲು ಆ 60 ಸಾವಿರವನ್ನೇ ಬಿಡಿಸಿ ನೋಡಿ. ಅದು ಸಂಬಳ ಬರುತ್ತಿದ್ದಾಗಿನ ಖರ್ಚು. ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ದುಡ್ಡು) ಹೋಗುತ್ತಿದ್ದರೆ ಅದೂ ಅದರಲ್ಲೇ ಸೇರಿರುತ್ತದೆ, ಅದನ್ನು ಇವತ್ತೇ ನಿಲ್ಲಿಸಿ, ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ. ಹೊರಗಿಂದ ತರಿಸುವ ಊಟ, ಒಟಿಟಿ, ಆಫೀಸಿಗೆ ಓಡಾಡುವ ಪೆಟ್ರೋಲು, ವಾರಕ್ಕೊಮ್ಮೆ ಮಾಲು, ಇವೆಲ್ಲ ತೆಗೆದರೆ 47 ಸಾವಿರಕ್ಕೆ ಇಳಿಯಬಹುದು ಅಂದುಕೊಳ್ಳೋಣ. ಅದಕ್ಕಿಂತ ಕೆಳಗೆ ಬಾಡಿಗೆ, ಇಎಂಐ, ದಿನಸಿ, ಹಾಲು, ಸ್ಕೂಲ್ ವ್ಯಾನು ಇರುತ್ತವೆ, ಅಲ್ಲಿ ಕತ್ತರಿ ಆಡುವುದಿಲ್ಲ. ಕರೆಂಟಿನ ಬಗ್ಗೆ ಒಂದು ಮಾತು: ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕು. ದಿನವಿಡೀ ಮನೆಯಲ್ಲಿ ಕೂತಾಗ ಫ್ಯಾನು, ಲ್ಯಾಪ್‌ಟಾಪು, ಗೀಸರು ಅಂತ ಮೀಟರ್ ನಮಗೆ ಗೊತ್ತಿಲ್ಲದೆ ಓಡುತ್ತದೆ.

ಇನ್ನು ತಿಂಗಳ ಲೆಕ್ಕಕ್ಕೆ ಸಿಗದ ಖರ್ಚುಗಳು. ಕ್ಯಾಲೆಂಡರ್ ತೆಗೆದುಕೊಂಡು ಮುಂದಿನ ಎಂಟು ತಿಂಗಳು ತಿರುವಿ. ಸ್ಕೂಲಿನ ಎರಡನೇ ಕಂತು 35 ಸಾವಿರ, ಟರ್ಮ್ ಇನ್ಶೂರೆನ್ಸ್ 13 ಸಾವಿರ, ಹೊಸದಾಗಿ ಮಾಡಿಸಬೇಕಾದ ಹೆಲ್ತ್ ಇನ್ಶೂರೆನ್ಸ್ 22 ಸಾವಿರ ಅಂತ ಇಟ್ಟುಕೊಳ್ಳಿ (ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿ). ಅಲ್ಲಿಗೆ 70 ಸಾವಿರ ಹೋಯಿತು, ಉಳಿದದ್ದು 4.1 ಲಕ್ಷ. ಹಬ್ಬ, ಊರಿನ ಮದುವೆಯ ಮುಯ್ಯಿ ಇನ್ನೂ ಸೇರಿಸಿಲ್ಲ. ಮುಯ್ಯಿ ವಿಷಯದಲ್ಲಿ ಒಂದು ವರ್ಷ ಸಣ್ಣವರಾದರೆ ಏನೂ ಆಗುವುದಿಲ್ಲ, ಬಿಡಿ.

ಈಗ ಬೆಂಗಳೂರಿನ ನಿಜವಾದ ತಲೆನೋವಿಗೆ ಬರೋಣ. ದುಡ್ಡು ಮುಗಿಯುತ್ತಾ ಬಂದಾಗ ಕಡಿಮೆ ಬಾಡಿಗೆ ಮನೆಗೆ ಹೋಗೋಣ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಈ ಊರಲ್ಲಿ ಚಿಕ್ಕ ಮನೆಗೆ ಹೋಗೋಕೂ ಕೈಯಲ್ಲಿ ದುಡ್ಡು ಬೇಕು! ಹಳೇ ಮನೆಯ ಅಡ್ವಾನ್ಸ್ ಕೈಗೆ ಬರುವುದು ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆ, ಹೊಸ ಮನೆಯ ಅಡ್ವಾನ್ಸ್ ಕೊಡಬೇಕಾದದ್ದು ಒಳಗೆ ಹೋಗುವ ಮೊದಲು. ನಡುವೆ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಲಾರಿ, ಕೂಲಿ, ಬ್ರೋಕರ್ ಇದ್ದರೆ ಅವನಿಗೊಂದು ತಿಂಗಳ ಬಾಡಿಗೆ. ನನ್ನ ಓನರ್ ಒಳ್ಳೆಯವರೇ, ಆದರೂ ಹೊಸ ಬಾಡಿಗೆದಾರರು ಬಂದು ಅವರ ಅಡ್ವಾನ್ಸ್ ಕೊಡುವವರೆಗೆ ನನ್ನದನ್ನು ಕೊಡಲಿಲ್ಲ. ಒಂದೂವರೆ ತಿಂಗಳು ನನ್ನದೇ ದುಡ್ಡಿಗಾಗಿ ದಿನಾ ಫೋನ್ ಮಾಡಿದೆ, ಅಷ್ಟರಲ್ಲಿ ಹೆಂಡತಿಯ ಬಳೆ ಗೋಲ್ಡ್ ಲೋನಿಗೆ ಹೋಗಿತ್ತು.

ಅದಕ್ಕೇ 1.2 ಲಕ್ಷವನ್ನು ಮನೆ ಬದಲಿಸುವ ದುಡ್ಡು ಅಂತ ಈಗಲೇ ಪಕ್ಕಕ್ಕೆ ಇಡಿ, ಅದನ್ನು ಖರ್ಚಿನ ಲೆಕ್ಕಕ್ಕೆ ತರಲೇಬೇಡಿ. ಉಳಿದದ್ದು 2.9 ಲಕ್ಷ, 47 ಸಾವಿರದಿಂದ ಭಾಗಿಸಿದರೆ ಆರು ತಿಂಗಳು ಚಿಲ್ಲರೆ. ಓನರ್‌ಗೆ ಒಂದು ತಿಂಗಳಾದರೂ ಮೊದಲು ಹೇಳಬೇಕು (ಅಗ್ರಿಮೆಂಟ್ ನೋಡಿ, ಕೆಲವರು ಎರಡು ತಿಂಗಳು ಅಂತ ಬರೆಸಿರುತ್ತಾರೆ), ಮನೆ ಹುಡುಕೋಕೆ ಇನ್ನೊಂದು ತಿಂಗಳು. ನಾಲ್ಕನೇ ತಿಂಗಳು ಅಂತ ಹೇಳಿದ್ದು ಈ ಲೆಕ್ಕದಿಂದ. ಆ ತಾರೀಖನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಸುತ್ತು ಹಾಕಿ, ಹೆಂಡತಿಗೆ ಹೇಳಿ. ಅವತ್ತಿಗೆ ಆಫರ್ ಲೆಟರ್ ಕೈಯಲ್ಲಿ ಇಲ್ಲದಿದ್ದರೆ ಓನರ್ ಮನೆಗೆ ಹೋಗಿ ಮಾತಾಡುವುದು, ಅಷ್ಟೇ. ಮುಂದಿನ ವಾರ ಇಂಟರ್‌ವ್ಯೂ ಇದೆ ಅಂತ ಮುಂದೂಡಬೇಡಿ. ಮುಂದಿನ ವಾರ ಯಾವಾಗಲೂ ಒಂದು ಇಂಟರ್‌ವ್ಯೂ ಇದ್ದೇ ಇರುತ್ತದೆ.

ಪಿಎಫ್ ವಿಷಯ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ ಪ್ರಕಾರ, ಕೆಲಸ ಹೋದ ತಕ್ಷಣ ಶೇ 75ರಷ್ಟು ತೆಗೆಯಬಹುದು, ಉಳಿದ ಕಾಲು ಭಾಗಕ್ಕೆ 12 ತಿಂಗಳು ಕಾಯಬೇಕು. ತೆಗೆಯಬಹುದು ಅಂದ ಮಾತ್ರಕ್ಕೆ ಮೊದಲು ಅದಕ್ಕೇ ಕೈ ಹಾಕಬೇಡಿ. 2024-25ಕ್ಕೆ ಅದರ ಬಡ್ಡಿ ಶೇ 8.25 ಇತ್ತು, ನಿಮ್ಮ ಎಫ್‌ಡಿಗೆ ಅಷ್ಟು ಬರುತ್ತಿರುವುದು ಅನುಮಾನ. ಕಂತು ನಿಂತರೂ ಬಡ್ಡಿ ಬರುತ್ತಲೇ ಇರುತ್ತದೆ. ಹಳೇ ಕಂಪನಿಗಳ ಸರ್ವೀಸ್ ಸೇರಿಸಿಯೂ ಐದು ವರ್ಷ ಆಗಿಲ್ಲದಿದ್ದರೆ ತೆಗೆದ ದುಡ್ಡಿಗೆ ಸಾಮಾನ್ಯವಾಗಿ ತೆರಿಗೆ ಬೇರೆ ಬೀಳುತ್ತದೆ. ಹಾಗಾಗಿ ಮೊದಲು ಉಳಿತಾಯ ಖಾತೆ, ಆಮೇಲೆ ಎಫ್‌ಡಿ, ಆಮೇಲೆ ಪಿಎಫ್. ಆದರೆ ಪಿಎಫ್ ಸೈಟಿನಲ್ಲಿ ನೀವು ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯಾ ಅಂತ ಮಾತ್ರ ಈಗಲೇ ನೋಡಿಕೊಳ್ಳಿ. ಕಂಪನಿಯವರು ಹಾಕದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ಬೇಕಾದಾಗ ಕ್ಲೈಮ್ ಹಾಕಲು ಹೋಗಿ ಅಲ್ಲಿ ಸಿಕ್ಕಿಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಎಫ್‌ಡಿ ಒಂದೇ ದೊಡ್ಡದಾಗಿದ್ದರೆ ಪೂರ್ತಿ ಮುರಿಯುವ ಮೊದಲು ಬ್ಯಾಂಕಿನಲ್ಲಿ ಅದರ ಮೇಲೆ ಓವರ್‌ಡ್ರಾಫ್ಟ್ (ಎಫ್‌ಡಿ ಅಡವಿಟ್ಟು ಬೇಕಾದಾಗ ಬೇಕಾದಷ್ಟು ತೆಗೆಯುವ ಸಾಲ) ಕೇಳಿ. ಎಷ್ಟು ಬಳಸುತ್ತೀರೋ ಅಷ್ಟಕ್ಕೆ ಮಾತ್ರ ಬಡ್ಡಿ.

ಕಂಪನಿಯಿಂದ ಬರಬೇಕಾದದ್ದನ್ನು ಬಿಡಬೇಡಿ. ಐದು ವರ್ಷ ಪೂರೈಸಿದ್ದರೆ ಗ್ರಾಚ್ಯುಟಿ ಇದೆ: ಕೊನೆಯ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ನನ್ನ ಕಾಲದಲ್ಲಿ ಅದಿರಲಿಲ್ಲ, ಸೆಟ್ಲ್‌ಮೆಂಟ್ ಬಂದಾಗ 70 ದಿನ ಕಳೆದಿತ್ತು. ನಿಮಗೆ ಹನ್ನೆರಡು ದಿನವಾದರೂ ಬಂದಿಲ್ಲ ಅಂದರೆ ಫೋನ್ ಬೇಡ, ಮೇಲ್ ಹಾಕಿ, ಬರಹದಲ್ಲಿ ಇರಲಿ. ಹಾಗೇ ಟಿಡಿಎಸ್ ನೋಡಿ. ಕಂಪನಿಯವರು ವರ್ಷಪೂರ್ತಿ ಸಂಬಳ ಬರುತ್ತದೆ ಅಂತ ಲೆಕ್ಕ ಹಾಕಿ ತೆರಿಗೆ ಹಿಡಿದಿರುತ್ತಾರೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದ ಆದಾಯ 12.75 ಲಕ್ಷದೊಳಗೆ ಇದ್ದರೆ ತೆರಿಗೆಯೇ ಇಲ್ಲ. ವರ್ಷದ ನಡುವೆ ಕೆಲಸ ಹೋಗಿ ನೀವು ಅದರೊಳಗೆ ಬಂದಿದ್ದರೆ, ಹಿಡಿದದ್ದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ. ಆರು ತಿಂಗಳ ಲೆಕ್ಕದಲ್ಲಿ ಇದನ್ನು ಸೇರಿಸಬೇಡಿ, ಬಂದಾಗ ಬರಲಿ.

ಹೆಲ್ತ್ ಇನ್ಶೂರೆನ್ಸ್ ಯಾಕೆ ಸೇರಿಸಿದೆ ಅಂತ ಕೇಳಬಹುದು. ಕಂಪನಿಯ ಗುಂಪು ಪಾಲಿಸಿ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕ್ಲೈಮ್ ಸಿಗುವುದಿಲ್ಲ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ಗುಂಪಿನಿಂದ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಇನ್ನೂ ಆಗುತ್ತದಾ ಅಂತ ಇವತ್ತೇ ಕೇಳಿ, ಹಾಗೆ ಬದಲಾಯಿಸಿಕೊಂಡರೆ ಈ ಕಾಯುವಿಕೆ ಕಡಿಮೆಯಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗಳ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ, ಅಷ್ಟಾದರೂ ಉಳಿಯಿತು. ಒಂದು ಡೆಂಗ್ಯೂ ಅಡ್ಮಿಟ್ ಆದರೆ ನಿಮ್ಮ ಒಂದೆರಡು ತಿಂಗಳು ಹಾರಿಹೋಗುತ್ತದೆ.

ದುಡ್ಡನ್ನು ನಿಮಗೆ ನೀವೇ ಸಂಬಳದ ಹಾಗೆ ಕೊಟ್ಟುಕೊಳ್ಳಿ. ಪ್ರತಿ ತಿಂಗಳು 1ನೇ ತಾರೀಖು 47 ಸಾವಿರ ಬೇರೆ ಖಾತೆಗೆ ಹಾಕಿ, ಯುಪಿಐ ಆ ಖಾತೆಗೆ ಮಾತ್ರ ಇರಲಿ. ಎಲ್ಲಾ ಒಂದೇ ಖಾತೆಯಲ್ಲಿದ್ದರೆ ನಾಲ್ಕು ಲಕ್ಷ ಕಣ್ಣಿಗೆ ಕಾಣುತ್ತಿರುತ್ತದೆ, 300 ರೂಪಾಯಿ ಏನು ಮಹಾ ಅನಿಸುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮಜ್ಜಿ ಅನ್ನುತ್ತಿದ್ದರು, ಅವರಿಗೆ ಕ್ಯೂಆರ್ ಕೋಡ್ ಗೊತ್ತಿರಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಮಿನಿಮಮ್ ಡ್ಯೂ ಕಟ್ಟಿ ತಳ್ಳುವ ಆಟ ಮಾತ್ರ ಬೇಡ, ಅಲ್ಲಿ ತಿಂಗಳಿಗೇ ಶೇ 3ರ ಮೇಲೆ ಬಡ್ಡಿ. ಇಎಂಐ ಕಷ್ಟ ಆಗುತ್ತದೆ ಅನಿಸಿದರೆ ಬೌನ್ಸ್ ಆಗುವ ಮೊದಲೇ ಬ್ಯಾಂಕಿಗೆ ಹೋಗಿ.

ಕೊನೆಗೆ, ಕಡಿಮೆ ಸಂಬಳದ ಕೆಲಸ ಒಪ್ಪಿಕೊಳ್ಳಲಾ ಅಂತ ನೀವು ಕೇಳಿಲ್ಲ, ಆದರೆ ಮೂರನೇ ತಿಂಗಳಿಗೆ ಕೇಳುತ್ತೀರಿ. ಪಾರ್ಟ್ ಟೈಮೋ ಟ್ಯೂಷನ್ನೋ, ನೀವೋ ನಿಮ್ಮ ಹೆಂಡತಿಯೋ, ತಿಂಗಳಿಗೆ 15 ಸಾವಿರ ತಂದರೆ ಉಳಿತಾಯದಿಂದ ತೆಗೆಯಬೇಕಾದದ್ದು 32 ಸಾವಿರ ಮಾತ್ರ. ಅದೇ 2.9 ಲಕ್ಷ ಆಗ ಒಂಬತ್ತು ತಿಂಗಳು ಬರುತ್ತದೆ. ಕ್ಯಾಲೆಂಡರ್‌ನಲ್ಲಿ ಹಾಕಿದ ಸುತ್ತು ಏಳನೇ ತಿಂಗಳಿಗೆ ಹೋಗುತ್ತದೆ, ಮಗಳ ಸ್ಕೂಲು ಬದಲಿಸದೆ ಈ ವರ್ಷ ಮುಗಿಸಬಹುದು.