ಮೂರು ಸಾಲು ಮೇಲೆ, ಮೂರು ಸಾಲು ಕೆಳಗೆ

ಕನ್ನಡದ ‘ಕೊ’ ಅಕ್ಷರವನ್ನು ಕಂಪ್ಯೂಟರ್ ಎರಡು ರೀತಿಯಲ್ಲಿ ಇಟ್ಟುಕೊಳ್ಳಬಹುದು. ಒಂದು, ಕ ಮತ್ತು ಒತ್ವ. ಇನ್ನೊಂದು, ಕ, ಎತ್ವ, ಆಮೇಲೆ ಕೊಂಬಿನ ಇಳಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪ್ರಕಾರ ಎರಡೂ ಸರಿ, ಎರಡೂ ಸಮ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಳಗಿನ ಸಂಖ್ಯೆಗಳು ಬೇರೆ ಬೇರೆ. ಒಂದು ಲೈಬ್ರರಿ ತಂತ್ರಾಂಶ ಇದೆ ಎಂದುಕೊಳ್ಳಿ. ಪುಸ್ತಕದ ಹೆಸರಿನಲ್ಲಿರುವ ‘ಕೊಡಗು’ ಮೊದಲ ರೀತಿಯದು, ನೀವು ಹುಡುಕುವ ‘ಕೊಡಗು’ ಎರಡನೇ ರೀತಿಯದು. ತಂತ್ರಾಂಶ ಬರೆದವರು ಈ ವಿಷಯ ಯೋಚಿಸಿರದಿದ್ದರೆ ‘ಪುಸ್ತಕ ಇಲ್ಲ’ ಎಂಬ ಉತ್ತರ ಬರುತ್ತದೆ. ಪುಸ್ತಕ ನೋಡಿದರೆ ಕಪಾಟಿನಲ್ಲೇ ಇರುತ್ತದೆ!

ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಅದಕ್ಕೆ ಸಿದ್ಧ ಫಂಕ್ಷನ್ ಇದೆ. ತಂತ್ರಾಂಶ ಓಪನ್ ಸೋರ್ಸ್ ಆಗಿದ್ದರೆ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ಬದಲಿಸಬಹುದಾಗಿದ್ದರೆ, ಅದನ್ನು ತೆರೆದು ನೀವೇ ಆ ಸಾಲು ಸೇರಿಸಬಹುದು, ಸೇರಿಸಿದ್ದನ್ನು ಮೂಲ ಯೋಜನೆಗೆ ಕಳಿಸಬಹುದು. ‘ಕಾಂಟ್ರಿಬ್ಯೂಟ್ ಮಾಡುವುದು’ ಅಂದರೆ ಇಷ್ಟೇ. ಬರೆಯಲು ಹತ್ತು ನಿಮಿಷ ಸಾಕು. ಒಳಗೆ ಸೇರಲು ಮಾತ್ರ ವಾರಗಟ್ಟಲೆ ಹಿಡಿಯಬಹುದು. ಎಷ್ಟೋ ಹೊಸಬರು ಇಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ. ಇಷ್ಟು ತಡ ಯಾಕೆ ಎಂದು ಅರ್ಥವಾಗಬೇಕಾದರೆ, ನೀವು ಕಳಿಸಿದ್ದು ಆ ಕಡೆ ಕೂತವರ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ನೋಡಬೇಕು.

ಅವರ ಮುಂದೆ ಬರುವುದು ಇಡೀ ಪ್ರೋಗ್ರಾಂ ಅಲ್ಲ, ಅದರ ಡಿಫ್. ಡಿಫ್ ಎಂಬುದು 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಜೊತೆ ಬೆಳೆದ ಹಳೆಯ ಪ್ರೋಗ್ರಾಂ. ಹಳೆಯ ಫೈಲು, ಹೊಸ ಫೈಲು ಎರಡನ್ನೂ ಕೊಟ್ಟರೆ ಏನು ಬದಲಾಗಿದೆ ಎಂದು ಹೇಳುತ್ತದೆ. ಇದರಲ್ಲೇನಿದೆ, ಮೇಲಿನಿಂದ ಸಾಲುಸಾಲಾಗಿ ಹೋಲಿಸಿದರಾಯಿತು ಅನ್ನಿಸಬಹುದು, ಅಲ್ವಾ? ಹಾಗೆ ಮಾಡಿದರೆ ಕೆಲಸ ಕೆಡುತ್ತದೆ. ಫೈಲಿನ ಶುರುವಿನಲ್ಲೇ ಒಂದು ಸಾಲು ಸೇರಿದ್ದರೆ ಉಳಿದವೆಲ್ಲ ಒಂದೊಂದು ಸಾಲು ಕೆಳಗೆ ಜಾರಿರುತ್ತವೆ. ಆಗ ಇಡೀ ಫೈಲೇ ಬದಲಾದಂತೆ ತೋರುತ್ತದೆ. ಅದಕ್ಕೇ ಡಿಫ್ ಮೊದಲು ಬದಲಾಗದೆ ಉಳಿದದ್ದನ್ನು ಹುಡುಕುತ್ತದೆ. ಎರಡು ಫೈಲುಗಳಲ್ಲೂ ಅದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿ ಯಾವುದು? ಅದು ಸಿಕ್ಕಿತೆಂದರೆ ಹಳೆಯದರಲ್ಲಿ ಮಿಕ್ಕಿದ್ದೆಲ್ಲ ತೆಗೆದುಹಾಕಿದ್ದು, ಹೊಸದರಲ್ಲಿ ಮಿಕ್ಕಿದ್ದೆಲ್ಲ ಸೇರಿಸಿದ್ದು. ತೆಗೆದದ್ದಕ್ಕೆ ಮೈನಸ್ ಗುರುತು, ಸೇರಿಸಿದ್ದಕ್ಕೆ ಪ್ಲಸ್. 1986ರಲ್ಲಿ ಯೂಜೀನ್ ಮೈಯರ್ಸ್ ಇದಕ್ಕೊಂದು ಜಾಣ ವಿಧಾನ ಪ್ರಕಟಿಸಿದರು. ವ್ಯತ್ಯಾಸ ಕಡಿಮೆ ಇದ್ದಷ್ಟೂ ಅದು ಬೇಗ ಮುಗಿಯುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡಲು ಇವತ್ತು ಎಲ್ಲರೂ ಬಳಸುವ ಗಿಟ್ ತಂತ್ರಾಂಶದಲ್ಲಿ ಓಡುವುದು ಅದೇ ವಿಧಾನ.

ಇದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಲ್ಯಾರಿ ವಾಲ್ ‘ಪ್ಯಾಚ್’ ಎಂಬ ಪ್ರೋಗ್ರಾಂ ಬರೆದಿದ್ದರು. ಮುಂದೆ ಪರ್ಲ್ ಭಾಷೆ ರೂಪಿಸಿದವರೂ ಇವರೇ. ಡಿಫ್ ತೋರಿಸಿದ ಬದಲಾವಣೆಯನ್ನು ಇನ್ನೊಬ್ಬರ ಪ್ರತಿಗೆ ಅಂಟಿಸುವುದು ಪ್ಯಾಚ್‌ನ ಕೆಲಸ. ಹೀಗೆ ಅಂಟಿಸಲೆಂದು ಕಳಿಸುವ ಬದಲಾವಣೆಗೂ ಪ್ಯಾಚ್ ಎಂದೇ ಹೆಸರು. ತೊಂದರೆ ಏನೆಂದರೆ ಆ ಪ್ರತಿ ಅಷ್ಟರಲ್ಲಿ ಬೇರೆ ಕಾರಣಕ್ಕೆ ಬದಲಾಗಿರಬಹುದು. 120ನೇ ಸಾಲು ಈಗ 134ನೆಯದಾಗಿರಬಹುದು. ನಮ್ಮ ಊರುಗಳಲ್ಲಿ ಮನೆ ನಂಬರ್ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗಣಪತಿ ಗುಡಿ ಪಕ್ಕ, ಹಿಟ್ಟಿನ ಗಿರಣಿ ಎದುರು ಅಂದರೆ ತಟ್ಟನೆ ತೋರಿಸುತ್ತಾರೆ. ಪ್ಯಾಚ್ ಕೂಡ ಹಾಗೇ. ಬದಲಾದ ಸಾಲಿನ ಆಚೀಚೆ ಏನಿತ್ತು ಎಂಬುದನ್ನು ನೋಡಿ ಜಾಗ ಹುಡುಕುತ್ತದೆ. ಸಾಮಾನ್ಯವಾಗಿ ಮೂರು ಸಾಲು ಮೇಲೆ, ಮೂರು ಸಾಲು ಕೆಳಗೆ.

ಯಂತ್ರಕ್ಕೆ ಜಾಗ ಗುರುತಿಸಲು ಅಷ್ಟು ಸಾಕು. ಆದರೆ ಪರಿಶೀಲಿಸುವ ಮನುಷ್ಯರ ಎದುರಿಗೂ ಮೊದಲು ಬರುವುದು ಅಷ್ಟೇ. ಈ ಸಾಲು ಯಾವ ಕೆಲಸದ ನಡುವೆ ಬರುತ್ತದೆ, ಅದನ್ನು ಯಾರು ಎಲ್ಲಿಂದ ಕರೆಯುತ್ತಾರೆ, ಮೊದಲು ಬರೆದವರು ಯಾಕೆ ಹೀಗೆ ಬರೆದರು, ಇದು ಯಾವುದೂ ಡಿಫ್‌ನಲ್ಲಿ ಇರುವುದಿಲ್ಲ. ಅದನ್ನೆಲ್ಲ ತಲೆಯಲ್ಲಿ ಮತ್ತೆ ಕಟ್ಟಿಕೊಂಡೇ ಅವರು ‘ಸರಿ’ ಅನ್ನಬೇಕು. ಕೋಡ್ ಬರೆಯುವುದಕ್ಕಿಂತ ಓದುವುದಕ್ಕೆ ಜಾಸ್ತಿ ಹೊತ್ತು ಬೇಕಾಗುವುದು ಇದೇ ಕಾರಣಕ್ಕೆ.

ಡೆಬಿಯನ್ ಲಿನಕ್ಸ್‌ನಲ್ಲಿ ಆದದ್ದು ನೋಡಿ. ಬೇರೆ ಬೇರೆಯವರು ಬರೆದ ತಂತ್ರಾಂಶಗಳನ್ನು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಜೊತೆ ಜೋಡಿಸಿ ಹಂಚುವ ಯೋಜನೆ ಡೆಬಿಯನ್. ಓಪನ್‌ಎಸ್‌ಎಸ್‌ಎಲ್ ಎಂಬುದು ಗುಪ್ತ ಕೀಲಿಗಳನ್ನು ತಯಾರಿಸುವ, ಇಂಟರ್ನೆಟ್ ಸಂಪರ್ಕಗಳನ್ನು ಕಾಯುವ ತಂತ್ರಾಂಶ. ಊಹಿಸಲಾಗದ ಸಂಖ್ಯೆಗಳೇ ಅದರ ಬಂಡವಾಳ. 2006ರಲ್ಲಿ ಡೆಬಿಯನ್‌ನಲ್ಲಿ ಅದರ ಹೊಣೆ ಹೊತ್ತಿದ್ದವರಿಗೆ ಒಂದು ಕಿರಿಕಿರಿ ಶುರುವಾಯಿತು. ಮೆಮೊರಿ ತಪ್ಪುಗಳನ್ನು ಹುಡುಕುವ ವಾಲ್‌ಗ್ರಿಂಡ್ ಎಂಬ ಸಾಧನ, ‘ಬೆಲೆ ತುಂಬಿಸದ ಮೆಮೊರಿಯನ್ನು ಇಲ್ಲಿ ಓದುತ್ತಿದ್ದೀರಿ’ ಎಂದು ಪದೇ ಪದೇ ಎಚ್ಚರಿಸುತ್ತಿತ್ತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಎರಡು ಸಾಲು. ನೋಡಲು ಎರಡೂ ಒಂದೇ ಥರ. ಎರಡೂ ಒಂದು ಬಫರಿನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಇದ್ದುದನ್ನು ಯಾದೃಚ್ಛಿಕ ಸಂಖ್ಯೆಗಳ ರಾಶಿಗೆ ಬೆರೆಸುತ್ತಿದ್ದವು. ಅವರು ಸುಮ್ನೆ ಅಳಿಸಿಬಿಡಲಿಲ್ಲ. ಓಪನ್‌ಎಸ್‌ಎಸ್‌ಎಲ್‌ನವರ ಚರ್ಚೆಯ ಪಟ್ಟಿಯಲ್ಲಿ ಕೇಳಿದರು. ತೆಗೆಯಬಹುದು ಎಂಬಂಥ ಉತ್ತರವೇ ಬಂತು. ತೆಗೆದರು.

ಆ ಎರಡರಲ್ಲಿ ಒಂದು ಸಾಲು ಹೋದರೆ ನಷ್ಟವೇನೂ ಇರಲಿಲ್ಲ. ಇನ್ನೊಂದು ಸಾಲಿನ ಮೂಲಕವೇ ನಿಜವಾದ ಯಾದೃಚ್ಛಿಕತೆಯೆಲ್ಲ ಒಳಗೆ ಬರುತ್ತಿತ್ತು! ಅದು ಹೋದ ಮೇಲೆ ಉಳಿದದ್ದು ಆ ಪ್ರೋಗ್ರಾಂಗೆ ಲಿನಕ್ಸ್ ಕೊಡುವ ಪ್ರಕ್ರಿಯೆ ಸಂಖ್ಯೆ ಮಾತ್ರ. ಅದರಲ್ಲಿ ಸಾಧ್ಯವಿದ್ದದ್ದು ಹೆಚ್ಚೆಂದರೆ 32,768 ಬೆಲೆಗಳು. ಕೀಲಿ ಎಷ್ಟೇ ಉದ್ದವಾಗಿರಲಿ, ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿ ಅಷ್ಟು ಥರಕ್ಕಿಂತ ಜಾಸ್ತಿ ಹುಟ್ಟಲು ಸಾಧ್ಯವಿರಲಿಲ್ಲ. ಒಂದೊಂದಾಗಿ ಎಲ್ಲವನ್ನೂ ತಯಾರಿಸಿ ಪಟ್ಟಿ ಮಾಡಿಟ್ಟುಕೊಳ್ಳಬಹುದಾದಷ್ಟು ಕಡಿಮೆ. ಡೆಬಿಯನ್‌ನಿಂದ ಹುಟ್ಟಿದ ಉಬುಂಟುಗೂ ಇದೇ ಗತಿಯಾಯಿತು. ಲೂಸಿಯಾನೋ ಬೆಲ್ಲೋ ಎಂಬ ಡೆಬಿಯನ್ ಡೆವಲಪರ್ ಇದನ್ನು ಪತ್ತೆಹಚ್ಚಿ, 2008ರ ಮೇನಲ್ಲಿ ಪ್ರಕಟವಾಗುವವರೆಗೆ ಒಂದೂವರೆ ವರ್ಷಕ್ಕೂ ಮೀರಿ ಅದು ಹಾಗೇ ಇತ್ತು.

ಇದನ್ನು ಬೇಜವಾಬ್ದಾರಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಕೇಳಿದ್ದರು, ಉತ್ತರವೂ ಬಂದಿತ್ತು. ಆದರೆ ಮೂಲ ಯೋಜನೆಯವರ ಮುಂದೆ ಬಂದದ್ದು ಒಂದು ಪ್ರಶ್ನೆ. ಲಕ್ಷಾಂತರ ಯಂತ್ರಗಳಿಗೆ ಹೋಗಲಿರುವ ಪ್ಯಾಚ್ ಆಗಿ ಅದು ಅವರ ಮೇಜಿಗೆ ಬರಲೇ ಇಲ್ಲ, ಡೆಬಿಯನ್ನಿನ ಸ್ವಂತ ಪ್ರತಿಯಲ್ಲೇ ಉಳಿಯಿತು. ಮೂಲಕ್ಕೆ ಕಳಿಸಿದ್ದರೆ ಯಾರಾದರೂ ಹಿಡಿಯುತ್ತಿದ್ದರೇ? ಖಾತ್ರಿ ಇಲ್ಲ. ಅದೇ ಓಪನ್‌ಎಸ್‌ಎಸ್‌ಎಲ್‌ಗೆ 2011ರ ಕೊನೆಯಲ್ಲಿ ಸೇರಿದ ಒಂದು ಕೊಡುಗೆಯನ್ನು ಸರಿಯಾದ ದಾರಿಯಲ್ಲೇ ಪರಿಶೀಲಿಸಿ ಒಪ್ಪಿಕೊಂಡಿದ್ದರು. ಎದುರಿನವರು ‘ನನ್ನ ಸಂದೇಶ ಇಷ್ಟು ಉದ್ದ’ ಎಂದರೆ ಅದನ್ನು ಅಳೆಯದೆ ನಂಬುವ ದೋಷ ಅದರಲ್ಲಿತ್ತು. 2014ರ ಏಪ್ರಿಲ್‌ನಲ್ಲಿ ಜಗತ್ತೆಲ್ಲ ಸುದ್ದಿಯಾದ ಹಾರ್ಟ್‌ಬ್ಲೀಡ್ ಇದೇ. ಅಲ್ಲಿ ಇರುವ ಸಾಲು ತಪ್ಪಾಗಿರಲಿಲ್ಲ, ಇರಬೇಕಾದ ಒಂದು ತಪಾಸಣೆ ಇರಲಿಲ್ಲ. ಇಲ್ಲದ್ದನ್ನು ಡಿಫ್ ತೋರಿಸುವುದಾದರೂ ಹೇಗೆ?

ಆದ್ದರಿಂದಲೇ ಪಳಗಿದ ಯೋಜನೆಗಳು ಕೋಡಿಗಿಂತ ಅದರ ಜೊತೆ ಬರುವ ವಿವರಣೆಗೆ ಜಾಸ್ತಿ ಬೆಲೆ ಕೊಡುತ್ತವೆ. ‘ಹುಡುಕಾಟ ಸರಿಪಡಿಸಿದೆ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಒತ್ವವನ್ನು ಎರಡು ರೀತಿಯಲ್ಲಿ ಬರೆಯಬಹುದು, ಈಗಿನ ಕೋಡ್ ಅವನ್ನು ಬೇರೆ ಎಂದು ತಿಳಿಯುತ್ತದೆ, ಹಾಗಾಗಿ ಹೋಲಿಸುವ ಮೊದಲು ನಾರ್ಮಲೈಸ್ ಮಾಡುತ್ತಿದ್ದೇನೆ’ ಎಂದರೆ ಕನ್ನಡ ಬಾರದ ಫಿನ್ಲೆಂಡಿನವರಿಗೂ ಗೊತ್ತಾಗುತ್ತದೆ. ಜೊತೆಗೊಂದು ಟೆಸ್ಟ್ ಇಟ್ಟರೆ ಇನ್ನೂ ಒಳ್ಳೆಯದು. ಎರಡು ‘ಕೊಡಗು’ಗಳನ್ನೂ ಅವುಗಳ ಯೂನಿಕೋಡ್ ಸಂಖ್ಯೆಗಳಲ್ಲೇ ಬರೆದು, ಒಂದನ್ನು ಹುಡುಕಿದರೆ ಇನ್ನೊಂದು ಸಿಗಲೇಬೇಕು ಎಂಬ ಪುಟ್ಟ ಪ್ರೋಗ್ರಾಂ. ನಿಮ್ಮ ಪ್ಯಾಚ್ ಇಲ್ಲದಿದ್ದರೆ ಅದು ಫೇಲ್, ಇದ್ದರೆ ಪಾಸ್. ಅಕ್ಷರಗಳನ್ನೇ ಟೈಪ್ ಮಾಡಿಟ್ಟರೆ ಯಾವುದೋ ಎಡಿಟರ್ ಅವೆರಡನ್ನೂ ಒಂದೇ ಮಾಡಿಬಿಟ್ಟೀತು, ಅದಕ್ಕೇ ಸಂಖ್ಯೆ. ಮೂರು ವರ್ಷದ ನಂತರ ಬೇರೆ ಯಾರೋ ನಿಮ್ಮ ಸಾಲನ್ನು ಅನವಶ್ಯಕ ಎಂದು ಅಳಿಸಲು ಹೊರಟರೆ ಆ ಟೆಸ್ಟ್ ಕೂಗಿಕೊಳ್ಳುತ್ತದೆ.

ಇಷ್ಟೆಲ್ಲ ಇದ್ದೂ, ಓದುವವರು ದಣಿದರೆ? 2024ರ ಎಕ್ಸ್‌ಝಡ್ ಪ್ರಕರಣ ಶುರುವಾದದ್ದೇ ಅಲ್ಲಿಂದ. ಎಕ್ಸ್‌ಝಡ್ ಎಂಬುದು ಫೈಲುಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ. ಹೆಚ್ಚೂಕಮ್ಮಿ ಎಲ್ಲ ಲಿನಕ್ಸ್‌ಗಳಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಲಾಸೆ ಕಾಲಿನ್ ಒಬ್ಬರೇ, ಅದೂ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ. 2021ರಿಂದ ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಯಾರೋ ಪ್ಯಾಚ್ ಕಳಿಸತೊಡಗಿದರು. ಒಳ್ಳೆಯ, ಉಪಯುಕ್ತ ಪ್ಯಾಚ್‌ಗಳೇ. ಅದೇ ಹೊತ್ತಿಗೆ ಬೇರೆ ಹೆಸರುಗಳಿಂದ ‘ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಾಯವೂ ಬಂತು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ ಎಂದು ಕಾಲಿನ್ ಹೇಳಿಕೊಂಡೂ ಇದ್ದರು. ಕೊನೆಗೆ ಜಿಯಾ ತಾನ್‌ಗೂ ಅಧಿಕಾರ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯಲ್ಲಿ ಕಳ್ಳಬಾಗಿಲು ಇತ್ತು.

ಅದನ್ನು ಬಚ್ಚಿಟ್ಟ ಜಾಗ ನೋಡಿ. ವಿಷದ ತಿರುಳು ಟೆಸ್ಟ್‌ಗೆಂದು ಇಟ್ಟ ಬೈನರಿ ಫೈಲುಗಳಲ್ಲಿತ್ತು. ಅವನ್ನು ಯಾರೂ ಸಾಲುಸಾಲಾಗಿ ಓದುವುದಿಲ್ಲ, ಓದಲು ಆಗುವುದೂ ಇಲ್ಲ. ಅದನ್ನು ಎಬ್ಬಿಸುವ ಸಾಲು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಪರಿಶೀಲನೆ ಎಲ್ಲಿ ತಲುಪುವುದಿಲ್ಲವೋ ಹುಡುಕಿ ಅಲ್ಲೇ ಇಟ್ಟಿದ್ದರು. ಕೊನೆಗೆ ಹಿಡಿದದ್ದು ಕೋಡ್ ಓದಿಯೂ ಅಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಬೇರೇನನ್ನೋ ಅಳೆಯುತ್ತಿದ್ದಾಗ, ತಮ್ಮ ಯಂತ್ರಕ್ಕೆ ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡಿನ ಬೆನ್ನು ಹತ್ತಿ, ಮಾರ್ಚ್ 29ರಂದು ಎಲ್ಲವನ್ನೂ ಬಹಿರಂಗಪಡಿಸಿದರು. ಅಷ್ಟರಲ್ಲಿ ಅದು ಡೆಬಿಯನ್, ಫೆಡೋರಾಗಳ ಪ್ರಾಯೋಗಿಕ ಆವೃತ್ತಿಗಳನ್ನು ಸೇರಿತ್ತು. ಜನಸಾಮಾನ್ಯರ ಸ್ಥಿರ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ.

ಇಂಥದ್ದೆಲ್ಲ ಕಂಡವರು ಅಪರಿಚಿತರ ಪ್ಯಾಚ್ ಮುಟ್ಟಲು ಹಿಂದೆಮುಂದೆ ನೋಡಿದರೆ ಆಶ್ಚರ್ಯವಿಲ್ಲ. ಈಗ ಅದರ ಮೇಲೆ ಎಐನಿಂದ ಬರೆಸಿದ ವರದಿಗಳ ಹೊರೆ ಬೇರೆ. ಇಂಟರ್ನೆಟ್ ಮೂಲಕ ಮಾಹಿತಿ ಸಾಗಿಸುವ ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್ ಈ ಕಾಟದ ಬಗ್ಗೆ ಬಹಿರಂಗವಾಗಿಯೇ ದೂರಿದ್ದಾರೆ. ಬರೆಯುವುದು ಕ್ಷಣದ ಕೆಲಸವಾಯಿತು, ಓದುವವರ ಸಂಖ್ಯೆ ಮಾತ್ರ ಹೆಚ್ಚಲಿಲ್ಲ.

ಹೊಸಬರಿಗೆ ನನ್ನ ಸಲಹೆ ಕೇಳಿದರೆ, ಕೋಡಿಗಿಂತ ಮೊದಲು ಒಳ್ಳೆಯ ದೂರು ಬರೆಯಿರಿ ಎನ್ನುತ್ತೇನೆ. ಕನ್ನಡ ಓದಬಲ್ಲವರಿಗೆ ಮಾತ್ರ ಕಾಣುವ ದೋಷಗಳು ಬೇಕಾದಷ್ಟಿವೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಬಾರದು. ಈ ವ್ಯತ್ಯಾಸ ನಿಂತಿರುವುದು ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರದ ಮೇಲೆ. ‘ಕಾಣದ ಅಕ್ಷರ, ಕಸ’ ಎಂದು ಅದನ್ನು ತೆಗೆದುಹಾಕುವ ಪ್ರೋಗ್ರಾಂನಲ್ಲಿ ರ‍್ಯಾಂಕ್ ಕೆಟ್ಟುಹೋಗುತ್ತದೆ. ಯಾವ ಆವೃತ್ತಿ, ಏನು ಟೈಪ್ ಮಾಡಿದಿರಿ, ಏನು ಬಂತು, ಏನು ಬರಬೇಕಿತ್ತು ಎಂದು ಒಂದು ಸ್ಕ್ರೀನ್‌ಶಾಟ್ ಸಮೇತ ಬರೆದರೆ ಅದೂ ಕೊಡುಗೆಯೇ.

ಪ್ಯಾಚ್ ಕಳಿಸಿ ವಾರ ಕಳೆದರೂ ಉತ್ತರ ಬಾರದಿದ್ದರೆ ಒಮ್ಮೆ ಮೆಲ್ಲಗೆ ನೆನಪಿಸಿದರೆ ತಪ್ಪೇನಿಲ್ಲ. ‘ಬೇಡ’ ಎಂದೇ ಉತ್ತರ ಬಂದರೆ? ಲೈಸೆನ್ಸ್ ನಿಮ್ಮ ಕೈ ಕಟ್ಟುವುದಿಲ್ಲ. ನಿಮ್ಮ ಪ್ರತಿಯಲ್ಲಿ ಪ್ಯಾಚ್ ಇಟ್ಟುಕೊಂಡು ಬಳಸಬಹುದು, ಹಂಚಲೂಬಹುದು. 2010ರಲ್ಲಿ ಓಪನ್‌ಆಫೀಸ್‌ನಿಂದ ಹೊರಬಂದ ಒಂದು ಗುಂಪು ಹೀಗೇ ಲಿಬ್ರೆಆಫೀಸ್ ಕಟ್ಟಿತು. ಆದರೆ ಮೂಲದವರು ಹೊಸ ಆವೃತ್ತಿ ಬಿಟ್ಟಾಗಲೆಲ್ಲ ನಿಮ್ಮ ಪ್ಯಾಚ್ ಅದಕ್ಕೆ ಅಂಟುತ್ತದೆಯೇ ಎಂದು ನೀವೇ ನೋಡಬೇಕು. ಅಕ್ಕಪಕ್ಕದ ಸಾಲುಗಳು ಬದಲಾಗಿದ್ದರೆ ಅಂಟುವುದಿಲ್ಲ, ಕೂತು ಕೈಯಾರೆ ಸರಿಮಾಡಬೇಕು. ಕೆಲವೊಮ್ಮೆ ಅದು ಅಂಟಿಯೂ ಅರ್ಥ ಕೆಟ್ಟಿರುತ್ತದೆ, ಅದು ಇನ್ನೂ ಕಷ್ಟ. ‘ಬೇಡ’ ಎಂದವರನ್ನು ಇನ್ನೊಂದು ಸಲ ವಾದ ಮಾಡಿ ಒಪ್ಪಿಸುವುದೇ ಅಗ್ಗ ಎಂದು ಬಹಳ ಜನ ಅಲ್ಲಿಗೇ ವಾಪಸ್ ಹೋಗುತ್ತಾರೆ.