ಬೇಸಗೆಯ ಹೊಳೆಯನ್ನು ಮಾದರಿ ಯಾಕೆ ತಪ್ಪಾಗಿ ಹೇಳುತ್ತದೆ?

ಕರಾವಳಿಯ ನೇತ್ರಾವತಿಗೋ ಸ್ವರ್ಣೆಗೋ ಸ್ವಾಟ್ ಮಾದರಿ (ಮಳೆ, ಮಣ್ಣು, ಭೂಬಳಕೆಯಿಂದ ಹೊಳೆಯ ಹರಿವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ) ಕೂರಿಸಿದಾಗ ನ್ಯಾಶ್-ಸಟ್‌ಕ್ಲಿಫ್ ಸೂಚ್ಯಂಕ 0.8 ದಾಟಿತೆಂದು ಕೆಲಸ ನಿಲ್ಲಿಸಬಾರದು. ಮಾದರಿಯ ಹರಿವು ಅಳೆದ ಹರಿವಿಗೆ ಎಷ್ಟು ಹೊಂದುತ್ತದೆಂದು ಹೇಳುವ ಅಂಕ ಇದು, 1 ಬಂದರೆ ಪೂರ್ತಿ ಹೊಂದಿಕೆ. ಈ ಸೂಚ್ಯಂಕ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತುಂಬು ಹೊಳೆಯೇ ಅಂಕವನ್ನು ತೀರ್ಮಾನಿಸುತ್ತದೆ. ಏಪ್ರಿಲ್‌ನಲ್ಲಿ ಮಾದರಿ ಎರಡು ಪಟ್ಟು ನೀರು ತೋರಿಸಿದರೂ ಅಂಕ ಅಲುಗುವುದಿಲ್ಲ. ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ, ಸ್ವರ್ಣೆಯ ಬಜೆ ಅಣೆಕಟ್ಟಿನಲ್ಲಿ ಕುಡಿಯುವ ನೀರು ಇನ್ನೆಷ್ಟು ದಿನಕ್ಕೆ ಸಾಕು ಎಂಬ ಪ್ರಶ್ನೆ ಏಳುವುದು ಮಾತ್ರ ಆಗಲೇ. ಹಾಗಾಗಿ ಹರಿವಿನ ಲಾಗರಿತಮ್ ತೆಗೆದು ಅದೇ ಸೂಚ್ಯಂಕವನ್ನು ಇನ್ನೊಮ್ಮೆ ಲೆಕ್ಕ ಹಾಕಿ. ಹರಿವು ಸೊನ್ನೆಯಾದ ದಿನಗಳಿದ್ದರೆ ಸರಾಸರಿ ಹರಿವಿನ ನೂರನೇ ಒಂದು ಭಾಗವನ್ನು ಎಲ್ಲ ದಿನಗಳಿಗೂ ಸೇರಿಸಿಕೊಳ್ಳಿ. ಮಾದರಿಯ ಹುಳುಕು ಆಗ ಕಾಣುತ್ತದೆ.

ಹುಳುಕು ಕಂಡ ಕೂಡಲೇ ಕರ್ವ್ ನಂಬರ್ (ಮಳೆಯಲ್ಲಿ ಎಷ್ಟು ಪಾಲು ನೆಲದ ಮೇಲೆ ಹರಿದು ಹೋಗುತ್ತದೆಂದು ತೀರ್ಮಾನಿಸುವ ಗುಣಾಂಕ) ತಿರುಚಲು ಹೋಗುವುದು ತಪ್ಪು ದಾರಿ. ಮೊದಲು ಭೂಬಳಕೆಯ ನಕ್ಷೆ ತೆರೆಯಿರಿ. ಉಪಗ್ರಹ ಚಿತ್ರದಲ್ಲಿ ಅಡಿಕೆ, ತೆಂಗು, ರಬ್ಬರ್, ಕಾಡು ಎಲ್ಲವೂ ಒಂದೇ ಹಸಿರು. ಅಡಿಕೆ ತೋಟ ಕಾಡಿನ ಲೆಕ್ಕಕ್ಕೆ ಸೇರಿತೆಂದರೆ ಮಾದರಿ ಅದಕ್ಕೆ ಒಂದು ಹನಿ ನೀರೂ ಬಿಡುವುದಿಲ್ಲ. ಎಕರೆಗೆ ಸುಮಾರು 550 ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಳ್ಳಿ. ಸಾವಿರ ಎಕರೆಗೆ 1.1 ಕೋಟಿ ಲೀಟರ್, ಅಂದರೆ ಸೆಕೆಂಡಿಗೆ 127 ಲೀಟರ್ ಆಯಿತು. ಮಾರ್ಚ್‌ನ ಸಣ್ಣ ತೋಡಿನಲ್ಲಿ ಅಷ್ಟು ಹರಿದರೇ ಹೆಚ್ಚು. ಸ್ಪ್ರಿಂಕ್ಲರ್ ಇಟ್ಟ ತೋಟಕ್ಕೆ ಇದಕ್ಕಿಂತ ಜಾಸ್ತಿ ಬೇಕು. ಡಿಸೆಂಬರ್‌ನಿಂದ ಮೇ ತನಕದ ನೀರಾವರಿಯನ್ನು ಕೈಯಾರೆ ನಮೂದಿಸಿ. ನೀರು ಬಾವಿಯದೋ ಹೊಳೆಯದೋ ಎಂಬುದನ್ನು ಬೇರೆ ಬೇರೆಯಾಗಿ ಕೊಡಿ. ಬಾವಿಯಿಂದ ಎತ್ತಿದರೆ ಹೊಳೆ ನಿಧಾನವಾಗಿ ಇಳಿಯುತ್ತದೆ, ಹೊಳೆಗೇ ಪಂಪ್ ಇಟ್ಟರೆ ಅದೇ ದಿನ.

ಭತ್ತದ್ದು ಬೇರೆ ತೊಂದರೆ. ಸಾಮಾನ್ಯ ಬೆಳೆಯೆಂದು ಕೊಟ್ಟರೆ ಮಾದರಿ ಮಳೆನೀರನ್ನು ಗದ್ದೆಯಲ್ಲಿ ನಿಲ್ಲಗೊಡುವುದಿಲ್ಲ. ಗದ್ದೆಯನ್ನು ನೀರು ನಿಲ್ಲುವ ತಗ್ಗಾಗಿ ತೋರಿಸಿ, ಹುಣಿಯ (ಗದ್ದೆಯ ಬದುವಿನ) ಎತ್ತರಕ್ಕೆ ತಕ್ಕಂತೆ 100ರಿಂದ 150 ಮಿಲಿಮೀಟರ್ ಸಂಗ್ರಹ ಕೊಡಿ, ಕೊಯ್ಲಿಗೆ ಮುಂಚೆ ನೀರು ಬಿಟ್ಟ ದಿನವನ್ನೂ ಹಾಕಿ. ಎತ್ತರದ ಬೆಟ್ಟು ಗದ್ದೆಗೆ ಮಳೆಗಾಲದ ಏಣೆಲು ಒಂದೇ ಬೆಳೆ. ತಗ್ಗಿನ ಬೈಲಿನಲ್ಲಿ ಎರಡನೆಯ ಬೆಳೆ ಸುಗ್ಗಿ, ಮೂರನೆಯ ಬೆಳೆ ಕೊಳಕೆಯೂ ಉಂಟು. ಬೇಸಾಯ ಬಿಟ್ಟು ಹಡಿಲು ಬಿದ್ದ ಗದ್ದೆಯ ಹುಣಿ ಒಡೆದಿರುತ್ತದೆ, ಅದನ್ನು ಭತ್ತವೆಂದು ಲೆಕ್ಕ ಹಿಡಿಯಬೇಡಿ. ಇದನ್ನು ನಕ್ಷೆ ಹೇಳದು, ಊರಿನವರನ್ನೇ ಕೇಳಬೇಕು.

ಕಿಂಡಿಗಳಿಗೆ ಹಲಗೆ ಹಾಕಿ ಬೇಸಗೆಯ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವ, ತೆಗೆಯುವ ದಿನ ಪಂಚಾಯತ್‌ನಲ್ಲೋ ಸಣ್ಣ ನೀರಾವರಿ ಇಲಾಖೆಯಲ್ಲೋ ಸಿಕ್ಕೀತು. ಅದಿಲ್ಲದೆ ಹಲಗೆ ಹಾಕಿದ ವಾರ ಹೊಳೆ ಯಾಕೆ ತಟ್ಟನೆ ಇಳಿಯಿತೆಂಬುದು ಮಾದರಿಗೆ ತಿಳಿಯದು.

ಇನ್ನು ಮಳೆಯ ದಿನಾಂಕ. ಹವಾಮಾನ ಇಲಾಖೆಯ ದಿನದ ಮಳೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದು. ಜುಲೈ 10ರ ಮಳೆಯ ಬಹುಪಾಲು 9ರಂದೇ ಬಿದ್ದಿರಬಹುದು. ಹರಿವಿನ ಅಂಕಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಯ ಸರಾಸರಿಯಾಗಿದ್ದರೆ ಮಾದರಿಯ ನೆರೆ ಒಂದು ದಿನ ತಡವಾಗಿ ಬರುತ್ತದೆ. ಇದನ್ನು ಹರಿವಿನ ವಿಳಂಬದ ಗುಣಾಂಕದಿಂದ ಮುಚ್ಚದೆ ದಿನಾಂಕವನ್ನೇ ಸರಿಪಡಿಸಿ.

ಇಷ್ಟಾದ ಮೇಲೆ ಗುಣಾಂಕಗಳಿಗೆ ಕೈ ಹಾಕಿ. ಅಂತರ್ಜಲ ಇಳಿಯುವ ವೇಗವನ್ನು ಊಹಿಸುವುದು ಬೇಡ. ಹಿಂಗಾರು ನಿಂತ ಮೇಲೆ, ಹಲಗೆ ಹಾಕುವ ಮುಂಚೆ ಮಳೆಯಿಲ್ಲದ ದಿನಗಳ ಹರಿವನ್ನು ಲಾಗ್ ಕಾಗದದಲ್ಲಿ ಗುರುತಿಸಿ, ಆ ಗೆರೆಯ ಇಳಿಜಾರಿನಿಂದಲೇ ತೆಗೆಯಿರಿ.